ಡಬ್ಬಿ, ಫೋನು, ಸ್ಟೀರಿಯೋ: ಕಾಸರಗೋಡಿನ ಮಾರ್ಗಗಳಿಗೆ ಯಾವ ಜಿಪಿಎಸ್?

ಮುಳ್ಳೇರಿಯ ದಾಟಿ ಅಡೂರಿಗೆ ಹೋಗಬೇಕು. ಹೆಸರು ಬರೆದು ಮೊದಲು ಬಂದದ್ದನ್ನು ಒತ್ತಿದರೆ ಯಂತ್ರ ನಿಮ್ಮನ್ನು ನಾನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಪತ್ತನಂತಿಟ್ಟ ಜಿಲ್ಲೆಯ ಅಡೂರಿಗೆ ಹೊರಡಿಸೀತು. ಕಾಞಂಗಾಡಿನ ಹೊಸದುರ್ಗ ಕೇಳಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಸಿಕ್ಕೀತು. ಚೆರ್ಕಳ–ಜಾಲ್ಸೂರು ಮಾರ್ಗದ ಆಸುಪಾಸಿನಲ್ಲೇ ಆದೂರು ಬೇರೆ, ಅಡೂರು ಬೇರೆ. ಇಂಗ್ಲಿಷಿನಲ್ಲಿ ಬರೆದಾಗ ಒಂದಕ್ಷರದ ವ್ಯತ್ಯಾಸವೂ ಉಳಿಯುವುದಿಲ್ಲ. ನಮ್ಮ ಕಡೆ ಜಿಪಿಎಸ್ ಕೆಟ್ಟಿತು ಎಂಬ ದೂರಿನಲ್ಲಿ ಬಹುಪಾಲು ಉಪಗ್ರಹದ ತಪ್ಪಲ್ಲ, ಹೆಸರಿನ ಮತ್ತು ನಕ್ಷೆಯ ತಪ್ಪು.

ಇಲ್ಲಿ ಹೋಲಿಸಿದ್ದು ಮೂರು ಬಗೆ. ದಾರಿ ತೋರಿಸಲೆಂದೇ ಗಾಜಿಗೆ ಅಂಟಿಸುವ ಗಾರ್ಮಿನ್ ಮಾದರಿಯ ಪ್ರತ್ಯೇಕ ಡಬ್ಬಿ. ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್, ಓಸ್ಮ್ಯಾಂಡ್ ಎಂಬ ನಕ್ಷೆಯ ಆ್ಯಪ್‌ಗಳಿರುವ ಆಂಡ್ರಾಯ್ಡ್ ಫೋನು. ಹೊರ ಆಂಟೆನಾ ಇರುವ, ಕಾರಿನೊಳಗೆ ಕೂರಿಸುವ ಆಂಡ್ರಾಯ್ಡ್ ಸ್ಟೀರಿಯೋ. ಓಡಿಸಿ ನೋಡಿದ ದಾರಿಗಳೂ ಮೂರು: ತಲಪಾಡಿಯಿಂದ ಕಾಸರಗೋಡಿಗೆ ರಾಷ್ಟ್ರೀಯ ಹೆದ್ದಾರಿ 66, ಚೆರ್ಕಳದಿಂದ ಮುಳ್ಳೇರಿಯದ ಮೂಲಕ ಜಾಲ್ಸೂರು, ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲ. ವಾಹನದ ಜಾಗ ನಿಯಂತ್ರಣ ಕೇಂದ್ರಕ್ಕೆ ತಿಳಿಸುವ ಎಐಎಸ್ 140 ಪೆಟ್ಟಿಗೆ ಈ ಲೆಕ್ಕಕ್ಕಿಲ್ಲ. ಅದು ದಾರಿ ತೋರಿಸುವುದಿಲ್ಲ.

ಮೊದಲು ಜಾಗ ಹಿಡಿಯುವ ವೇಗ. ಫೋನು ಗೆಲ್ಲುತ್ತದೆ, ಆದರೆ ನೆಟ್‌ವರ್ಕ್ ಇದ್ದರೆ ಮಾತ್ರ. ಉಪಗ್ರಹ ಎಲ್ಲಿದೆ ಎಂಬ ಕಕ್ಷೆಯ ವಿವರವನ್ನು ಫೋನು ಡೇಟಾ ಮೂಲಕ ಮೊದಲೇ ತರಿಸಿಕೊಳ್ಳುವುದರಿಂದ ಕೆಲವೇ ಸೆಕೆಂಡು ಸಾಕು. ಡಬ್ಬಿ ಅದನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು: ಒಂದೊಂದು ಉಪಗ್ರಹದಿಂದ ಸುಮಾರು 30 ಸೆಕೆಂಡು, ಕಡಿಯದ ಸಂಕೇತ. ಎತ್ತರವೂ ಸೇರಿ ಜಾಗ ಗೊತ್ತಾಗಲು ಕಡಿಮೆಯೆಂದರೆ ನಾಲ್ಕು ಉಪಗ್ರಹ ಬೇಕು. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಡಬ್ಬಿಗೆ ಎಲ್ಲ ಉಪಗ್ರಹಗಳ ಪಟ್ಟಿಯೂ ಬೇಕಾದೀತು. ಅದು ಪೂರ್ತಿ ಇಳಿಯಲು 12.5 ನಿಮಿಷ. ಅಡಿಕೆ ತೋಟದ ನೆರಳಿನಲ್ಲಿ ಆನ್ ಮಾಡಿ ಹೊರಟುಬಿಟ್ಟರೆ ಸಂಕೇತ ಮತ್ತೆಮತ್ತೆ ಕಡಿದು ಅರ್ಧ ಗಂಟೆಯಾದರೂ ‘ಹುಡುಕುತ್ತಿದೆ’ ಎಂದೇ ಇರುತ್ತದೆ. ಬಯಲಿನಲ್ಲಿ ನಿಲ್ಲಿಸಿ ಕಾಲು ಗಂಟೆ ಬಿಡಿ, ಅದೇ ಮದ್ದು. ಪಾಣತ್ತೂರು ದಾಟಿ ನೆಟ್‌ವರ್ಕ್ ಹೋದ ಮೇಲೆ ಆನ್ ಮಾಡಿದ ಫೋನೂ ಡಬ್ಬಿಯಷ್ಟೇ ಮಂದ. ಆದ್ದರಿಂದ ದಾರಿಯನ್ನು ಪೇಟೆಯಲ್ಲೇ ಶುರು ಮಾಡಿ.

ಹಳೆಯ ಡಬ್ಬಿ ಕೊಳ್ಳುವವರು ಪರದೆಯ ತಾರೀಕು ನೋಡಿ. ಜಿಪಿಎಸ್ ವಾರದ ಲೆಕ್ಕ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಕೊನೆಯದಾಗಿ ಮರಳಿದ್ದು 2019ರ ಏಪ್ರಿಲ್ 6ರಂದು. ತಾರೀಕು ಇಪ್ಪತ್ತು ವರ್ಷ ಹಿಂದಿದ್ದರೆ ಅದರ ಸಾಫ್ಟ್‌ವೇರ್ ಹಳತು, ಅಪ್‌ಡೇಟ್ ಸಿಗದಿದ್ದರೆ ಬಿಟ್ಟುಬಿಡಿ.

ಹುಡುಕಾಟದಲ್ಲಿ ಡಬ್ಬಿ ಹಿಂದೆ. ಕನ್ನಡ ಲಿಪಿಯಲ್ಲಿ ಬರೆದದ್ದು ಗೂಗಲ್ ಮ್ಯಾಪ್ಸಿಗೆ ಅರ್ಥವಾಗುತ್ತದೆ. ಹಳೆಯ ಡಬ್ಬಿಗೆ ಇಂಗ್ಲಿಷ್ ಕಾಗುಣಿತವೇ ಬೇಕು, ಅದೂ ನಕ್ಷೆ ಮಾಡಿದವರು ಬರೆದ ಹಾಗೆಯೇ. ಕುಂಬಳೆ ರೈಲ್ವೆ ಬೋರ್ಡಿನಲ್ಲಿ ಕುಂಬ್ಲ, ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಬದಿಯಡ್ಕಕ್ಕೆ ಇಂಗ್ಲಿಷಿನಲ್ಲಿ ಮೂರ್ನಾಲ್ಕು ರೂಪ. ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಕೊಟ್ಟು ಪಟ್ಟಿಯಿಂದ ಆರಿಸುವುದು ಒಳ್ಳೆಯದು. ಆರಿಸಿದ ಮೇಲೆ ಎಷ್ಟು ಕಿಲೋಮೀಟರ್ ಎಂದು ಓದದೆ ‘ಹೊರಡು’ ಒತ್ತಬೇಡಿ. ಒಳ ಊರಿನ ಮನೆಗಳಿಗೆ ಜಾಗವನ್ನೇ ಗುರುತಿಸುವ ಸಂಕೇತಗಳಾದ ಮ್ಯಾಪಲ್ಸಿನ ಆರು ಅಕ್ಷರದ ಪಿನ್ ಅಥವಾ ಗೂಗಲಿನ ಪ್ಲಸ್ ಕೋಡ್ ಹೆಸರಿಗಿಂತ ಎಷ್ಟೋ ಮೇಲು.

ಅಕ್ಷಾಂಶ ರೇಖಾಂಶ ಕೊಡುವುದಾದರೆ ಎಡವುವ ಜಾಗ ಒಂದಿದೆ. ಕಾಸರಗೋಡು ಹೆಚ್ಚುಕಡಿಮೆ 12.5 ಡಿಗ್ರಿ ಉತ್ತರದಲ್ಲಿದೆ. ಅದೇ ಸಂಖ್ಯೆ ಡಿಗ್ರಿ-ನಿಮಿಷದಲ್ಲಿ 12 ಡಿಗ್ರಿ 30 ನಿಮಿಷ. ಫೋನಿನವರು ಮೊದಲನೆಯ ಬಗೆಯಲ್ಲಿ ಕಳಿಸುತ್ತಾರೆ, ಡಬ್ಬಿ ಎರಡನೆಯ ಬಗೆ ಕೇಳುತ್ತಿರಬಹುದು. 12 ಡಿಗ್ರಿ 30 ನಿಮಿಷವನ್ನು 12.30 ಎಂದು ತುಂಬಿದರೆ 0.2 ಡಿಗ್ರಿ ತಪ್ಪು, ಅಂದರೆ ಸುಮಾರು 22 ಕಿಲೋಮೀಟರ್ ತೆಂಕಕ್ಕೆ. ಡಬ್ಬಿಯ ನಿರ್ದೇಶಾಂಕ ಪುಟದಲ್ಲಿ ಫಾರ್ಮ್ಯಾಟ್ ಎಂಬ ಗುಂಡಿ ಒತ್ತಿ ದಶಮಾಂಶ ಡಿಗ್ರಿಗೆ ಬದಲಾಯಿಸಿಕೊಳ್ಳಿ.

ಹೆದ್ದಾರಿ 66ರಲ್ಲಿ ಮೂರೂ ಎಡವುತ್ತವೆ. ಆರು ಪಥದ ನಡುಮಾರ್ಗ, ಅದಕ್ಕೆ ಅಂಟಿಕೊಂಡೇ ಸರ್ವೀಸ್ ರಸ್ತೆ. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ನೀವು ಯಾವುದರಲ್ಲಿದ್ದೀರಿ ಎಂಬುದು ಅದಕ್ಕೆ ಊಹೆಯೇ. ಕಾಸರಗೋಡು ಪೇಟೆಯ ಮೇಲ್ಸೇತುವೆಯಲ್ಲಿ ಮೇಲೆ ಹೋದಿರೋ ಕೆಳಗೋ ಎಂಬುದೂ ಹಾಗೆಯೇ. ಇಳಿಯುವ ಬಾಯಿ ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಬೇಕು, ಹಾಗಾಗಿ ಇಲ್ಲಿ ಧ್ವನಿಗಿಂತ ಹಸಿರು ಬೋರ್ಡನ್ನು ನಂಬಿ. ಉಪಗ್ರಹ ಕಳಿಸುವ ಮಾಮೂಲಿ ಎಲ್1 ತರಂಗದ ಜೊತೆ ಎಲ್5 ಎಂಬ ಎರಡನೆಯ ತರಂಗವನ್ನೂ ಹಿಡಿಯುವ ಫೋನು ಸ್ವಲ್ಪ ಮೇಲು. ಹೊಸ ತಿರುವುಗಳ ವಿಷಯದಲ್ಲಿ ಡಬ್ಬಿಯ ನಕ್ಷೆ ಎಲ್ಲಕ್ಕಿಂತ ಹಿಂದೆ ಬೀಳುತ್ತದೆ. ಹೊಸ ಸೇತುವೆಯ ಮೇಲೆ ಗದ್ದೆಯಲ್ಲಿ ಹೋಗುತ್ತಿರುವಂತೆ ತೋರಿಸುವುದು ಅದಕ್ಕೇ.

ಒಳಮಾರ್ಗಗಳಲ್ಲಿ ಲೆಕ್ಕ ತಲೆಕೆಳಗು. ಹತ್ತಿರದ ದಾರಿ ಎಂದು ನಕ್ಷೆ ತೋಟದ ಮಣ್ಣು ರಸ್ತೆಗೆ ಇಳಿಸುತ್ತದೆ; ಮಳೆಗಾಲದಲ್ಲಿ ಆ ಕೆಂಪು ಜಾರಿನಲ್ಲಿ ಹಿಂದೆ ಬರುವುದೂ ಕಷ್ಟ. ಡಬ್ಬಿಯಲ್ಲೂ ಓಸ್ಮ್ಯಾಂಡಿನಲ್ಲೂ ‘ಡಾಂಬರಿಲ್ಲದ ರಸ್ತೆ ಬೇಡ’ ಎಂದು ಗುರುತು ಹಾಕಬಹುದು. ಗೂಗಲ್ ಮ್ಯಾಪ್ಸಿನಲ್ಲಿ ತಪ್ಪಿಸಲು ಸಿಗುವುದು ಟೋಲ್, ಹೆದ್ದಾರಿ, ದೋಣಿದಾಟು ಮಾತ್ರ. ಈ ಒಂದು ಕಾರಣಕ್ಕೆ ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ ಕಡೆ ಓಸ್ಮ್ಯಾಂಡ್ ಕೈಬಿಡಬೇಡಿ. ಬೈಕಿನ ಮೋಡ್ ಹಾಕಿ ಕಾರು ಓಡಿಸುವವರಿಗೆ ಇನ್ನೊಂದು ಮಾತು: ಅದು ಕಿಂಡಿ ಅಣೆಕಟ್ಟಿನ ಮೇಲಣ ಕಾಲುದಾರಿಯನ್ನೂ ಮಾರ್ಗವೆಂದೇ ಎಣಿಸಬಹುದು. ಸಂಕದ ಬುಡಕ್ಕೆ ಕಾರು ತಂದು ನಿಲ್ಲಿಸಿದರೆ ತಿರುಗಿಸಲು ಜಾಗವಿರುವುದಿಲ್ಲ.

ಗಡಿಯವರಿಗೆ ಆಫ್‌ಲೈನ್ ನಕ್ಷೆಯ ಪಾಠ ಬೇರೆಯೇ. ಓಸ್ಮ್ಯಾಂಡ್ ರಾಜ್ಯವಾರು ಇಳಿಸುತ್ತದೆ. ಕೇರಳ ಮಾತ್ರ ಇಳಿಸಿದವರಿಗೆ ಜಾಲ್ಸೂರಿನಲ್ಲಿ, ಅಡ್ಕಸ್ಥಳದಾಚೆ, ತಲಪಾಡಿಯಲ್ಲಿ ನಕ್ಷೆ ಮುಗಿದೇ ಹೋಗುತ್ತದೆ. ಕೇರಳ, ಕರ್ನಾಟಕ ಎರಡೂ ಬೇಕು. ಉಚಿತ ಆವೃತ್ತಿಯಲ್ಲಿ ಏಳೇ ಡೌನ್‌ಲೋಡ್, ಅಪ್‌ಡೇಟೂ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ದೂರದ ರಾಜ್ಯಗಳಿಗೆ ಖರ್ಚು ಮಾಡಬೇಡಿ. ಗೂಗಲಿನಲ್ಲಿ ಆಫ್‌ಲೈನ್ ಮ್ಯಾಪ್ಸ್ ತೆರೆದು ಚೌಕವನ್ನು ಮಂಗಳೂರಿನಿಂದ ಪಯ್ಯನ್ನೂರಿಗೆ, ಮೂಡಕ್ಕೆ ಮಡಿಕೇರಿಯವರೆಗೆ ಎಳೆಯಿರಿ. ಆಫ್‌ಲೈನಿನಲ್ಲಿ ಟ್ರಾಫಿಕ್ ಇಲ್ಲ, ಬದಲಿ ದಾರಿಯೂ ಇಲ್ಲ.

ಈಗ ಕೆಡುವ ವಿಷಯ. ಸ್ಟೀರಿಯೋದಲ್ಲಿ ಬಾಣ ಅಲುಗದಿದ್ದರೆ ನೂರಕ್ಕೆ ತೊಂಬತ್ತು ಪಾಲು ಆಂಟೆನಾ. ಫಿಟ್ಟಿಂಗ್ ಮಾಡುವವರು ಬೆಂಕಿಪೊಟ್ಟಣದಷ್ಟಿರುವ ಆ ಬಿಲ್ಲೆಯನ್ನು ಸ್ಟೀರಿಯೋದ ಹಿಂದೆಯೇ ಲೋಹದ ಚೌಕಟ್ಟಿನಡಿ ತುರುಕಿರುತ್ತಾರೆ. ಅದು ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಬುಡದಲ್ಲಿ ಇರಬೇಕು: ಅಯಸ್ಕಾಂತದ ಮಗ್ಗುಲು ಕೆಳಗೆ, ಆಕಾಶ ಮೇಲೆ. ತಿರುಪಿನ ಕನೆಕ್ಟರನ್ನು ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಬೇಡ. ಜಿಪಿಎಸ್‌ಟೆಸ್ಟ್ ಆ್ಯಪ್ ಹಾಕಿ ನೋಡಿ. ಪಟ್ಟಿಯಲ್ಲಿ ಒಂದೂ ಉಪಗ್ರಹವಿಲ್ಲವೆಂದರೆ ವಯರು ಕಡಿದಿದೆ ಅಥವಾ ಕಳಚಿದೆ. ಉಪಗ್ರಹ ಹಲವಿದ್ದು, ಅವುಗಳ ಸಂಕೇತದ ಬಲ ತೋರಿಸುವ ಸಂಖ್ಯೆ 25ಕ್ಕಿಂತ ಕೆಳಗಿದ್ದರೆ ಮೇಲೆ ಲೋಹವಿದೆ, ಇಲ್ಲವೇ ಲೋಹದ ಅಂಶವಿರುವ ಸನ್ ಫಿಲ್ಮ್. 35ರಿಂದ 45 ಇದ್ದರೆ ಆಂಟೆನಾ ಸರಿ, ತಪ್ಪು ಸಾಫ್ಟ್‌ವೇರಿನಲ್ಲಿದೆ. ಅಗ್ಗದ ಚಾರ್ಜರೂ ಡ್ಯಾಶ್‌ಕ್ಯಾಮೂ ತಂದಿಕ್ಕುವ ಗದ್ದಲ ಇನ್ನೊಂದು. ಒಂದೊಂದಾಗಿ ಪ್ಲಗ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಅಂಕಿ ಜಿಗಿಯುತ್ತದೋ ಅದೇ ಕಳ್ಳ.

ಡಬ್ಬಿಗೆ ಮಾಮೂಲಿ ಯುಎಸ್‌ಬಿ ಕೇಬಲ್ ಹಾಕಿದರೆ ಪರದೆಯಲ್ಲಿ ಕಂಪ್ಯೂಟರಿನ ಚಿತ್ರ ಬಂದು ನಕ್ಷೆ ಮಾಯವಾಗುವುದುಂಟು. ಕೆಟ್ಟದ್ದಲ್ಲ, ಅದು ಕಂಪ್ಯೂಟರಿಗೆ ಜೋಡಿಸಿದ್ದೀರಿ ಎಂದುಕೊಂಡಿದೆ. ಜೊತೆಗೆ ಬಂದ ಕಾರಿನ ಕೇಬಲೇ ಬೇಕು. ವಿದ್ಯುತ್ತೇ ಬರದಿದ್ದರೆ ಸಿಗರೇಟ್ ಪ್ಲಗ್ಗಿನ ತುದಿ ತಿರುಗಿಸಿ ಬಿಚ್ಚಿ, ಗಾಜಿನ ಫ್ಯೂಸ್ ನೋಡಿ. ಬದಲಿಗೆ ಅದರ ಮೇಲೆ ಬರೆದಷ್ಟೇ ಆಂಪಿಯರ್ ಹಾಕಿ. ತುದಿಯ ಬೆಳ್ಳಿ ಬಣ್ಣದ ಮೊಳೆ, ಸ್ಪ್ರಿಂಗ್ ಸೀಟಿನಡಿ ಹಾರದಂತೆ ಕೈ ಒಡ್ಡಿಕೊಳ್ಳಿ. ಲಾರಿಗೆ 24 ವೋಲ್ಟ್, ಪ್ಲಗ್ಗಿನ ಮೇಲೆ 12–24 ಎಂದಿರಬೇಕು. ಪರದೆ ಹೆಪ್ಪುಗಟ್ಟಿದರೆ ಪವರ್ ಗುಂಡಿ ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಿರಿ. ಉಪಗ್ರಹವನ್ನೇ ಹುಡುಕದಿದ್ದರೆ ಸೆಟ್ಟಿಂಗ್ಸಿನಲ್ಲಿ ಜಿಪಿಎಸ್ ಸಿಮ್ಯುಲೇಟರ್ ಆನ್ ಆಗಿದೆಯೇ ನೋಡಿ. ಮಕ್ಕಳ ಕೈಗೆ ಸಿಕ್ಕ ಡಬ್ಬಿಯ ಸಾಮಾನ್ಯ ರೋಗ.

ಫೋನಿನ ರೋಗ ಬಿಸಿ. ಏಪ್ರಿಲಿನ ಬಿಸಿಲಲ್ಲಿ ಗಾಜಿಗಂಟಿದ ಫೋನು ಪರದೆ ಮಂಕು ಮಾಡಿ ಚಾರ್ಜ್ ನಿಲ್ಲಿಸುತ್ತದೆ. ಹೋಲ್ಡರನ್ನು ಎಸಿ ಬಾಯಿಗೆ ಸಿಕ್ಕಿಸಿ. ಬಾಣ ಅಲ್ಲಿಲ್ಲಿ ಹಾರಿದರೆ ಆ್ಯಪಿನ ಅನುಮತಿಯಲ್ಲಿ ‘ನಿಖರ ಸ್ಥಳ’ ಆಫ್ ಆಗಿರಬಹುದು, ಬ್ಯಾಟರಿ ಸೇವರೂ ಕಾರಣವಿರಬಹುದು. ನಿಂತಾಗ ಬಾಣ ತಿರುಗುಮುರುಗಾಗಿದ್ದರೆ ಹೋಲ್ಡರಿನ ಅಯಸ್ಕಾಂತ ದಿಕ್ಸೂಚಿಯನ್ನು ಕೆಡಿಸಿದೆ. ಹತ್ತಿಪ್ಪತ್ತು ಮೀಟರ್ ಓಡಿದರೆ ಚಲನೆಯಿಂದಲೇ ದಿಕ್ಕು ಸರಿಯಾಗುತ್ತದೆ. ಚೆರ್ಕಳ ಸರ್ಕಲಿನಲ್ಲಿ ನಿಂತು ‘ಎಡಕ್ಕೆ’ ಎಂಬುದನ್ನು ನಂಬಿ ಹೊರಡಬೇಡಿ.

ತೀರ್ಮಾನ ಕೇಳಿದರೆ: ದಿನವೂ ಕಾಸರಗೋಡು–ಮಂಗಳೂರು ಓಡುವವರಿಗೆ ಫೋನು ಸಾಕು. ಕರಿಕೆ ಘಟ್ಟ ಹತ್ತುವವರು ಫೋನಿನಲ್ಲೇ ಓಸ್ಮ್ಯಾಂಡನ್ನೂ ಇಡಲಿ. ಸ್ಟೀರಿಯೋ ಮೊದಲೇ ಇದ್ದರೆ ಆಂಟೆನಾ ಸರಿಮಾಡಿಸಿ, ನಕ್ಷೆಗೆಂದೇ ಹೊಸದು ಕೊಳ್ಳಬೇಡಿ. ಡಬ್ಬಿ ಈಗ ಯಾರಿಗೂ ಹೇಳಲು ಮನಸ್ಸಿಲ್ಲ. ಫೋನನ್ನು ಗಾಡಿಯಲ್ಲಿ ಬಿಡಲಾಗದ ಬಾಡಿಗೆ ಲಾರಿಯವರು ಮಾತ್ರ ಯೋಚಿಸಬಹುದು.

ಮದುವೆ, ಕೋಲದ ಆಮಂತ್ರಣದಲ್ಲಿ ಕ್ಯೂಆರ್ ಅಚ್ಚು ಹಾಕಿಸುವವರು ಪಿನ್ನನ್ನು ಮನೆಯ ಮಾಡಿನ ಮೇಲೆ ಇಡುವುದು ವಾಡಿಕೆ. ನಕ್ಷೆ ಆ ಪಿನ್ನಿಗೆ ಅತಿ ಹತ್ತಿರದ ಮಾರ್ಗ ಹುಡುಕುತ್ತದೆ. ಅದು ತೋಡಿನ ಆಚೆಯದಾಗಿದ್ದರೆ ನೆಂಟರೆಲ್ಲ ಆಚೆ ದಡದಲ್ಲಿ ನಿಂತು ಫೋನು ಮಾಡುತ್ತಾರೆ. ಪಿನ್ ಇಡಬೇಕಾದದ್ದು ವಾಹನ ಒಳಗೆ ತಿರುಗುವ ಗೇಟಿನ ಬಾಯಲ್ಲಿ, ಮಾರ್ಗದ ಗೆರೆಯ ಮೇಲೆಯೇ.