ಅಜ್ಜನ ಜ್ಞಾನಸ್ನಾನದ ದಾಖಲೆ ಬೇಕೇ? ಮೊದಲು ಇಗರ್ಜಿ ಹುಟ್ಟಿದ ವರ್ಷ ವಿಚಾರಿಸಿ

ಮಂಗಳೂರು, ಉಡುಪಿ ಕಡೆಯ ಇಗರ್ಜಿ (ಚರ್ಚ್) ಕಚೇರಿಗಳಲ್ಲಿ ಹಳೆಯ ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಾಖಲೆ ಹುಡುಕಿಕೊಡುವ ಸೇವೆಗೆ ಐದರಲ್ಲಿ ಮೂರೂವರೆ ಅಂಕ. ವರ್ಷ ಗೊತ್ತಿದ್ದು ಪುಸ್ತಕ ಗಟ್ಟಿಯಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಹೆಚ್ಚಿನವರು ಹೋಗುವುದೇ ತಪ್ಪು ಇಗರ್ಜಿಗೆ.

ಹೊಸ ಧರ್ಮಕೇಂದ್ರದ, ಅಂದರೆ ಸ್ವಂತ ಪಾದ್ರಿಯಿರುವ ಇಗರ್ಜಿ ವ್ಯಾಪ್ತಿಯ, ಒಂದನೇ ರಿಜಿಸ್ಟರ್ ಶುರುವಾಗುವುದು ಅದರ ಸ್ಥಾಪನೆಯಿಂದ. ಅದಕ್ಕೂ ಹಿಂದಿನವರ ಹೆಸರು, ಅದು ಯಾವುದರಿಂದ ಬೇರೆಯಾಯಿತೋ ಆ ತಾಯಿ ಇಗರ್ಜಿಯ ಪುಸ್ತಕದಲ್ಲೇ ಉಳಿಯುತ್ತದೆ. ಪುಟ ಕಿತ್ತು ಯಾರೂ ಕೊಡುವುದಿಲ್ಲವಲ್ಲ. ಮುಂಭಾಗದ ಕಲ್ಲಿನಲ್ಲಿ ಕೆತ್ತಿದ ಇಸವಿ ನಂಬಬೇಡಿ, ಅದು ಕಟ್ಟಡದ್ದು. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ ಸ್ಥಾಪನೆಯಾದದ್ದು 1680ರಲ್ಲಿ. ಮುಂಭಾಗ 1911ರಲ್ಲಿ ಕುಸಿದು, ಆಮೇಲೆ ಮತ್ತೆ ಎದ್ದದ್ದು. ಕೆಲವೆಡೆ ಇದು ತಿರುಗುಮುರುಗು: ಪ್ರಾರ್ಥನಾ ಮಂದಿರ ಮೊದಲೇ ಇರುತ್ತದೆ, ಪೂಜೆಗೆ ತಾಯಿ ಇಗರ್ಜಿಯಿಂದ ಪಾದ್ರಿ ಬಂದು ಹೋಗುತ್ತಿರುತ್ತಾರೆ, ಅದನ್ನು ಪ್ರತ್ಯೇಕ ಧರ್ಮಕೇಂದ್ರ ಮಾಡುವ ಬಿಷಪರ ಆದೇಶ ಎಷ್ಟೋ ವರ್ಷ ಕಳೆದು ಬಂದಿರುತ್ತದೆ. ನಿಮಗೆ ಬೇಕಾದದ್ದು ಆ ಆದೇಶದ ತಾರೀಕು. ಜುಬಿಲಿಯ ಸ್ಮರಣ ಸಂಚಿಕೆಯಲ್ಲಿ ಹುಡುಕಿ, ಇಲ್ಲವೇ ವಾಡೊದ (ಇಗರ್ಜಿಯ ವಾರ್ಡಿನ) ಹಿರಿಯ ಗುರ್ಕಾರರನ್ನು, ಅಂದರೆ ಮುಖ್ಯಸ್ಥರನ್ನು, ಕೇಳಿ.

ಮಂಗಳೂರು ಬೋಳಾರದ ರೊಸಾರಿಯೊ ಇಗರ್ಜಿ 1568ರದ್ದು ಎಂದುಕೊಂಡು ಅಷ್ಟು ಹಿಂದಿನ ವಂಶಾವಳಿಯ ಆಸೆ ಬೇಡ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. 1799ರ ನಂತರ ಜನ ಮರಳಿದ ಮೇಲೆಯೇ ಮತ್ತೆ ಬರವಣಿಗೆ.

ಇನ್ನು ಹೆಸರಿನ ಗೋಜಲು. ಮನೆಯಲ್ಲಿ ಪೆದ್ರು ಆದವ ಪುಸ್ತಕದ ಲ್ಯಾಟಿನ್‌ನಲ್ಲಿ ಪೆತ್ರುಸ್ ಆಗಿರಬಹುದು, ಜುವಾಂವ್ ಆದವ ಯೊಆನ್ನೆಸ್. ಡಿಸೋಜ ಸಿಗದಿದ್ದರೆ ‘ದೆ ಸೋಜ’, ಬರೀ ‘ಸೋಜ’ ಎಂದೂ ನೋಡಿಸಿ. ಕಂಪ್ಯೂಟರಿಗೆ ಏರಿಸಿದ ಕಡೆ ಈ ತೊಂದರೆ ಇನ್ನೂ ಹೆಚ್ಚು: ಟೈಪ್ ಮಾಡಿದವರು ಹೆಸರನ್ನು ಈಗಿನ ರೂಪಕ್ಕೆ ‘ತಿದ್ದಿ’ಬಿಟ್ಟಿರುತ್ತಾರೆ. ಪರದೆಯಲ್ಲಿ ಇಲ್ಲ ಎಂದರೆ ಮೂಲ ಪುಸ್ತಕ ತೆಗೆಯಲು ವಿನಯದಿಂದ ಕೇಳಿ.

ಪುಸ್ತಕ ತೆರೆದಾಗ ಅಂಚನ್ನು ಮರೆಯದೆ ಓದಿ. ಮಗುವಿನ ಹೆಸರು, ತಂದೆ-ತಾಯಿ, ಗಾಡ್‌ಫಾದರ್, ಗಾಡ್‌ಮದರ್ ಒಂದು ಶಾಯಿಯಲ್ಲಿದ್ದರೆ, ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, ಬೇರೆ ಶಾಯಿಯಲ್ಲಿ ಮದುವೆಯ ತಾರೀಕು ಮತ್ತು ಇಗರ್ಜಿಯ ಹೆಸರು ಇರುತ್ತದೆ. ಅಜ್ಜಿಯ ಊರು ಸಿಗುವುದು ಅಲ್ಲೇ. ಮದುವೆಗೆ ಆರು ತಿಂಗಳೊಳಗಿನ ಹೊಸ ಸರ್ಟಿಫಿಕೇಟೇ ಬೇಕೆನ್ನುವುದೂ ಈ ಅಂಚಿನ ಕಾರಣಕ್ಕೆ, ಹಿಂದೆ ಮದುವೆಯಾಗಿದ್ದರೆ ಅದು ಅಲ್ಲಿ ಕಾಣಬೇಕು. ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ. ಅದೇ ಪುಟದಲ್ಲಿ ಬೇರೆ ಮನೆಗಳ ಗುಟ್ಟೂ ಇರುತ್ತದೆ. ಹಳೆಯ ಶಾಯಿ ಕಾಗದವನ್ನೇ ತಿಂದಿರುತ್ತದೆ, ಝೆರಾಕ್ಸ್ ಯಂತ್ರದ ಮೇಲೆ ಒತ್ತಿದರೆ ಹೊಲಿಗೆ ಬಿಡುತ್ತದೆ.

ಹೆಸರು ತಪ್ಪಿದ್ದರೆ ಫಾದರ್ ಅಲ್ಲೇ ತಿದ್ದಿಕೊಡುವುದಿಲ್ಲ, ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಆಧಾರದ ಕಾಗದಗಳೊಂದಿಗೆ ಅರ್ಜಿ ಕೊಡಬೇಕು. ವಿದೇಶಕ್ಕೆಂದು ಬಿಷಪ್ ಕಚೇರಿಯ ದೃಢೀಕರಣ ಬೇಕಾದರೂ ಗಮನವಿರಲಿ: 2012ರಲ್ಲಿ ಉಡುಪಿ ತನ್ನದೇ ಬಿಷಪರಿರುವ ಪ್ರತ್ಯೇಕ ಧರ್ಮಪ್ರಾಂತ್ಯವಾಗಿದೆ. ಉಡುಪಿ ಕಡೆಯ ಕಲ್ಯಾಣಪುರದ ದಾಖಲೆ ಹಿಡಿದು ಮಂಗಳೂರು ಬಿಷಪ್ ಕಚೇರಿಯಿರುವ ಕೊಡಿಯಾಲಬೈಲಿಗೆ ಬಂದರೆ ಬಸ್ ಚಾರ್ಜು ದಂಡ.

ಫೋನ್ ಮಾಡಿ, ವಾರದ ದಿನ ಬೆಳಿಗ್ಗೆ ಹೋಗಿ. ಭಾನುವಾರದ ಪೂಜೆ ಮುಗಿದ ಹೊತ್ತು ಬೇಡವೇ ಬೇಡ. ಆಗಸ್ಟ್ 30ರಿಂದ ಮೊಂತಿ ಫೆಸ್ತ್ (ಮೇರಿ ಮಾತೆಯ ಜನ್ಮದಿನದ ಹಬ್ಬ) ಮುಗಿಯುವ ಸೆಪ್ಟೆಂಬರ್ 8ರವರೆಗೂ ಅಷ್ಟೇ, ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.