ಕಚೇರಿಗಷ್ಟೇ ಬಾಗಿಲು ಮುಚ್ಚಿದ ಸರ್ವರ್: ಹೋಸ್ಟಿಂಗ್ ಸೇವೆಯೊಂದರ ವಿಮರ್ಶೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರ ಜಾಲತಾಣ ಮತ್ತು ಇಮೇಲ್ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಎರಡೂ ಒಂದೇ ಹೋಸ್ಟಿಂಗ್ ಸಂಸ್ಥೆಯ (ಜಾಲತಾಣಗಳಿಗೆ ಸರ್ವರ್‌ನಲ್ಲಿ ಜಾಗ ಕೊಡುವ ಸಂಸ್ಥೆ) ಸರ್ವರ್‌ನಲ್ಲಿವೆ. ವೇಗ, ಬ್ಯಾಕಪ್, ಬೆಲೆ ಇವುಗಳ ಬಗ್ಗೆ ತಕರಾರಿಲ್ಲ. ಈ ವಿಮರ್ಶೆ ಅವರ ಗ್ರಾಹಕ ಬೆಂಬಲವನ್ನು ಕುರಿತದ್ದು.

ಲೆಕ್ಕಪತ್ರ ವಿಭಾಗದ ಇಮೇಲ್ ಪಾಸ್‌ವರ್ಡ್ ಬದಲಿಸಿದ ಮೇಲೆ ಕಚೇರಿಯ ಯಾವ ಕಂಪ್ಯೂಟರ್‌ನಲ್ಲಿಯೂ ನಮ್ಮ ಜಾಲತಾಣ ತೆರೆಯಲಿಲ್ಲ; ಮೇಲ್ ಮತ್ತು ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆಯನ್ನು ನಿರ್ವಹಿಸುವ ಪುಟ) ಕೂಡ ಸಿಗಲಿಲ್ಲ. ಆದರೆ ಮೊಬೈಲ್ ಡೇಟಾದಲ್ಲಿ ಎಲ್ಲವೂ ಸರಿಯಾಗಿ ತೆರೆಯುತ್ತಿದ್ದವು. ಅಂದರೆ ಸರ್ವರ್ ಕೆಟ್ಟಿರಲಿಲ್ಲ, ನಮ್ಮ ಕಚೇರಿಯ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅದರ ಫೈರ್‌ವಾಲ್, ಅಂದರೆ ಕಾವಲು ವ್ಯವಸ್ಥೆ, ತಡೆದಿತ್ತು.

ಹಳೆಯ ಪಾಸ್‌ವರ್ಡ್ ಉಳಿದಿರುವ ಮೇಲ್ ಆ್ಯಪ್ ಯಾರೂ ಮುಟ್ಟದಿದ್ದರೂ ಆಗಾಗ ತಾನಾಗಿಯೇ ಲಾಗಿನ್ ಆಗಲು ಯತ್ನಿಸುತ್ತದೆ, ಮತ್ತು ಸರ್ವರ್‌ನ ಕಣ್ಣಿಗೆ ಅದು ಪಾಸ್‌ವರ್ಡ್ ಊಹಿಸುತ್ತಿರುವ ಕಳ್ಳನಂತೆಯೇ ಕಾಣುತ್ತದೆ. ಇಂಥ ಯತ್ನಗಳನ್ನು ತಡೆಯಲು ಸರ್ವರ್‌ಗಳಲ್ಲಿ ಬಳಸುವ ಫೇಲ್‌2ಬ್ಯಾನ್ ಎಂಬ ತಂತ್ರಾಂಶದ ಮೂಲ ಹೊಂದಿಕೆಯಲ್ಲಿ 10 ನಿಮಿಷದೊಳಗೆ 5 ಬಾರಿ ಲಾಗಿನ್ ವಿಫಲವಾದರೆ ಆ ವಿಳಾಸಕ್ಕೆ 10 ನಿಮಿಷ ನಿರ್ಬಂಧ ಬೀಳುತ್ತದೆ. ಹೋಸ್ಟಿಂಗ್ ಸಂಸ್ಥೆಗಳು ಇದನ್ನು ಇನ್ನೂ ಬಿಗಿಗೊಳಿಸುವುದುಂಟು. ಒಂದೇ ರೂಟರ್‌ನ ಹಿಂದಿರುವ ಸಾಧನಗಳೆಲ್ಲ ಹೊರಗೆ ಒಂದೇ ಐಪಿ ವಿಳಾಸದಿಂದ ಕಾಣಿಸಿಕೊಳ್ಳುವುದರಿಂದ ಒಂದು ಸಾಧನದ ತಪ್ಪಿಗೆ ಇಡೀ ಕಚೇರಿ ದಂಡ ತೆರುತ್ತದೆ.

ಬೆಂಬಲ ವಿಭಾಗದಿಂದ ಮೊದಲು ಉತ್ತರಿಸಿದ ಸಿಬ್ಬಂದಿ ಬ್ರೌಸರ್‌ನ ಕ್ಯಾಶೆ (ಅದು ಉಳಿಸಿಟ್ಟುಕೊಂಡ ಹಳೆಯ ಪುಟಗಳು) ಅಳಿಸಿ, ರೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ಇದು ದಾರಿ ತಪ್ಪಿಸುವ ಸಲಹೆ: ಸ್ಥಿರ ಐಪಿ ಇಲ್ಲದ ಸಂಪರ್ಕದಲ್ಲಿ ರೂಟರ್ ಮತ್ತೆ ಚಾಲೂ ಆದಾಗ ಹೊಸ ವಿಳಾಸ ಸಿಕ್ಕಿ ಕೆಲಸ ನಡೆದಂತೆ ಕಂಡರೂ, ಹಳೆಯ ಪಾಸ್‌ವರ್ಡ್ ಅಲ್ಲೇ ಇರುವುದರಿಂದ ಸ್ವಲ್ಪ ಹೊತ್ತಿಗೆ ಆ ವಿಳಾಸವೂ ನಿರ್ಬಂಧಕ್ಕೆ ಒಳಗಾಗುತ್ತದೆ. ಆಮೇಲೆ ಕಾರಣ ತಿಳಿಸದೆ ನಿರ್ಬಂಧ ತೆರವು ಮಾಡಿದರು. ಅದು ಮರಳಿ ಬಿತ್ತು.

ನಿಜವಾದ ಕೆಲಸ ಮಾಡಿದವರು ಹಿರಿಯ ಎಂಜಿನಿಯರ್. ಅವರು ಸರ್ವರ್‌ನ ಲಾಗ್ (ನಡೆದದ್ದರ ದಾಖಲೆ) ತೆರೆದು, ಯಾವ ಮೇಲ್‌ಬಾಕ್ಸ್‌ಗೆ, ಎಷ್ಟು ಹೊತ್ತಿಗೆ, ಯಾವ ಪೋರ್ಟ್‌ನಲ್ಲಿ ಲಾಗಿನ್ ವಿಫಲವಾಗುತ್ತಿದೆ ಎಂದು ತಿಳಿಸಿದರು. ಪೋರ್ಟ್ ಎಂದರೆ ಸರ್ವರ್‌ನಲ್ಲಿ ಒಂದೊಂದು ಸೇವೆಗೆ ಇರುವ ಬಾಗಿಲಿನ ಸಂಖ್ಯೆ; ಇಲ್ಲಿ ಅದು 993 ಅಲ್ಲ, 587. ಅಂದರೆ ತೊಂದರೆ ಇದ್ದದ್ದು ಮೇಲ್ ಪಡೆಯುವ ಐಮ್ಯಾಪ್‌ನಲ್ಲಲ್ಲ, ಕಳುಹಿಸುವ ಎಸ್‌ಎಂಟಿಪಿಯಲ್ಲಿ. ಆ ಒಂದು ಸಂಖ್ಯೆ ಹಿಡಿದು ಹುಡುಕಿದಾಗ ಸರಕು ರವಾನೆ ವಿಭಾಗದ ಟ್ಯಾಬ್ಲೆಟ್ ಸಿಕ್ಕಿತು. ಅದರಲ್ಲಿ ಒಳಬರುವ ಮೇಲ್‌ಗೆ ಹೊಸ ಪಾಸ್‌ವರ್ಡ್ ಇತ್ತು; ಹೊರಹೋಗುವ ಸರ್ವರ್‌ನ ಪ್ರತ್ಯೇಕ ಪುಟದಲ್ಲಿ ಹಳೆಯದೇ ಉಳಿದಿತ್ತು, ಕಳುಹಿಸಲಾಗದ ಪತ್ರವೊಂದು ಔಟ್‌ಬಾಕ್ಸ್‌ನಲ್ಲಿ ಕುಳಿತಿತ್ತು.

ನಿರ್ಬಂಧ ಇರಲೇಬೇಕು, ಅದನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ನನ್ನ ಆಕ್ಷೇಪ, ಆ ಲಾಗ್‌ನ ಸಾಲು ಗ್ರಾಹಕನಿಗೆ ತಾನಾಗಿ ಸಿಗುವುದಿಲ್ಲ ಎಂಬುದು. ಇದೇ ತೊಂದರೆ ಬಂದವರು ಬೆಂಬಲಕ್ಕೆ ಬರೆಯುವಾಗ ಕಚೇರಿಯ ಐಪಿ ವಿಳಾಸ ಮತ್ತು ಸಮಯ ಕೊಟ್ಟು, ಮೇಲ್‌ಬಾಕ್ಸ್ ಹೆಸರು ಹಾಗೂ ಪೋರ್ಟ್ ಕೇಳಿ ಪಡೆಯಬೇಕು. ನಿರ್ಬಂಧ ತೆರವಾಗುವವರೆಗೆ ಫೋನ್, ಟ್ಯಾಬ್ಲೆಟ್‌ಗಳನ್ನು ಕಚೇರಿಯ ವೈಫೈನಿಂದ ಹೊರಗಿಡಬೇಕು.

ಸರ್ವರ್‌ಗೆ ಐದಕ್ಕೆ ನಾಲ್ಕು ಅಂಕ, ಬೆಂಬಲದ ಮೊದಲ ಹಂತಕ್ಕೆ ಒಂದೇ.