ಟ್ಯುಲಿಪ್ಪೋ ಅಮರಿಲ್ಲಿಸ್ಸೋ? ಪುಣೆಯ ಬಾಲ್ಕನಿಯಿಂದ

ಪುಣೆಯ ಕೋಥರೂಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಟ್ಯುಲಿಪ್, ಅಮರಿಲ್ಲಿಸ್ ಎಂಬ ಎರಡು ಗೆಡ್ಡೆ ಹೂಗಳನ್ನೂ ಬೆಳೆಸಿ ನೋಡಿದ್ದೇನೆ. ದುಡ್ಡು ಹಾಕುವುದಿದ್ದರೆ ಅಮರಿಲ್ಲಿಸ್‌ಗೆ ಹಾಕಿ. ಫೋಟೊ ನೋಡಿ ಟ್ಯುಲಿಪ್ ಮೇಲೆ ಮನಸ್ಸು ಮಾಡಿದವರು ಇದನ್ನು ಓದಿಯೇ ಆರ್ಡರ್ ಮಾಡಿ.

ಟ್ಯುಲಿಪ್‌ಗೆ ಚಳಿ ಬೇಕು, ಅದೂ ಬಿಡದೆ. ಗೆಡ್ಡೆಯೊಳಗಿನ ಮೊಗ್ಗು ದಂಟು ಚಾಚಿ ಮೇಲೇಳಬೇಕಾದರೆ 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗೇ ಇರಬೇಕು. ಶ್ರೀನಗರದಲ್ಲಿ ಆ ಚಳಿಯನ್ನು ನೆಲವೇ ಕೊಡುತ್ತದೆ. ಪುಣೆಯಲ್ಲಿ ಜನವರಿಯ ಬೆಳಗಿನ ಜಾವ 10–12ಕ್ಕೆ ಇಳಿದರೂ ಮಧ್ಯಾಹ್ನ 30ರ ಹತ್ತಿರ. ಹಾಗಾಗಿ ಫ್ರಿಜ್ಜೇ ಗತಿ.

ತಲೆನೋವು ಶುರುವಾಗುವುದೇ ಅಲ್ಲಿ. ಸೆಪ್ಟೆಂಬರ್ ಕೊನೆಗೆ ಒಳಗಿಟ್ಟರೆ ಹೊಸ ವರ್ಷದ ಹೊತ್ತಿಗೆ ನೆಡಬಹುದು. ನಡುವೆ ನವರಾತ್ರಿ ಬರುತ್ತದೆ, ದೀಪಾವಳಿ ಬರುತ್ತದೆ, ಮಾರ್ಕೆಟ್ಟಿಗೆ ಹೊಸ ಸೇಬೂ ಬರುತ್ತದೆ. ಸೇಬು ಮಾಗುವಾಗ ಬಿಡುವ ಎಥಿಲೀನ್ ಅನಿಲ ಟ್ಯುಲಿಪ್ ಮೊಗ್ಗನ್ನು ಗೆಡ್ಡೆಯೊಳಗೇ ಕೊಂದುಬಿಡುತ್ತದೆ. ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಗೆಡ್ಡೆ ಗಟ್ಟಿಯಾಗೇ ಇರುತ್ತದೆ, ನೆಟ್ಟರೆ ಎಲೆಯೂ ಬರುತ್ತದೆ, ಹೂ ಮಾತ್ರ ಬರುವುದಿಲ್ಲ. ಒಂಬತ್ತು ದಿನ ಹಣ್ಣು ತಿಂದೇ ಉಪವಾಸ ಮಾಡುವ ಅತ್ತೆಗೆ "ಫ್ರಿಜ್ಜಲ್ಲಿ ಸೇಬು ಇಡಬೇಡಿ" ಅಂತ ಹೇಳುವ ಧೈರ್ಯ ನಿಮಗಿದ್ದರೆ ಸರಿ, ನನಗಿರಲಿಲ್ಲ. ಸೇಬಿನ ಬುಟ್ಟಿ ಊಟದ ಮೇಜಿಗೆ ಹೋಯಿತು, ಕಾರಣ ಕೇಳಿದವರಿಗೆ ಏನೋ ಒಂದು ಹೇಳಿದೆ.

ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಗೆಡ್ಡೆ ಬೆವತು ಬೂಷ್ಟು ಹಿಡಿಯುತ್ತದೆ, ಕಾಗದದ ಚೀಲಕ್ಕೆ ತೂತು ಮಾಡಿ ಇಡಬೇಕು. ಹಾಗೆ ಇಟ್ಟದ್ದನ್ನು ಅಡುಗೆಗೆ ಬರುವ ಮಾವಶಿ ಈರುಳ್ಳಿ ಅಂದುಕೊಂಡು ಸಿಪ್ಪೆ ಸುಲಿಯಲು ಕೂತಿದ್ದರು. ಕಂದು ಸಿಪ್ಪೆ, ಬಿಳಿ ಮೈ, ತುದಿ ಚೂಪು, ಅವರದೇನೂ ತಪ್ಪಿಲ್ಲ. ಆದರೆ ತಿಂದರೆ ಹೊಟ್ಟೆ ಕೆಡಿಸುವ ಗೆಡ್ಡೆ ಅದು. ಅಂದಿನಿಂದ ಚೀಲದ ಮೇಲೆ ದಪ್ಪಕ್ಷರದಲ್ಲಿ 'ಕಾಂದಾ ನಾಹೀ' (ಮರಾಠಿಯಲ್ಲಿ 'ಈರುಳ್ಳಿ ಅಲ್ಲ') ಅಂತ ಬರೆದು ಅಂಟಿಸಿದೆ.

ಇಷ್ಟೆಲ್ಲ ಮಾಡಿ ಬಂದ ಹೂವು? ದಂಟು ಬೆರಳುದ್ದ. ಎಲೆಗಳ ನಡುವೆ ಮಣ್ಣಿಗೆ ಅಂಟಿದಂತೆ ಅರಳಿ, ಬಿಸಿಲೇರಿದಂತೆ ಎಸಳು ಪೂರ್ತಿ ಬಾಯಿ ಬಿಟ್ಟು, ಮೂರ್ನಾಲ್ಕು ದಿನಕ್ಕೆ ಉದುರಿತು. ನಮ್ಮ ಬಿಸಿಲಲ್ಲಿ ಆ ಗೆಡ್ಡೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ, ಕಾಂಪೋಸ್ಟಿಗೆ ಹಾಕಬೇಕು. ಒಂದಕ್ಕೆ 80 ರೂಪಾಯಿ ಕೊಟ್ಟು ಪ್ರತಿ ವರ್ಷ ಕಾಂಪೋಸ್ಟ್ ಮಾಡುವಷ್ಟು ಅನುಕೂಲಸ್ಥೆ ನಾನಲ್ಲ. 'ಮೊದಲೇ ತಣಿಸಿದ್ದು' ಅಂತ ಮಾರುವವೂ ಇವೆ. ಆನ್‌ಲೈನ್‌ನಲ್ಲಿ ತರಿಸಿದೆ, ಅಕ್ಟೋಬರ್ ಬಿಸಿಲಲ್ಲಿ ಸುತ್ತಾಡಿ ಬಂದ ಡಬ್ಬ ಮುಟ್ಟಿದರೆ ಬೆಚ್ಚಗಿತ್ತು. ತಣಿಸಿ ಏನು ಬಂತು?

ಅಮರಿಲ್ಲಿಸ್‌ಗೆ ಇದ್ಯಾವ ರಗಳೆಯೂ ಇಲ್ಲ. ಅದು ಕೇಳುವುದು ಒಣ ವಿಶ್ರಾಂತಿ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ ಕುಂಡವನ್ನು ಮೂಲೆಗೆ ತಳ್ಳುತ್ತೇನೆ. ಎಲೆ ಹಳದಿಯಾಗಿ ಒಣಗುತ್ತದೆ, ಗಾಬರಿ ಬೇಡ. ಫೆಬ್ರವರಿ ಕೊನೆಗೆ ಮತ್ತೆ ನೀರು ಕೊಟ್ಟರೆ ಗೆಡ್ಡೆಯ ಪಕ್ಕದಿಂದ ಹಸಿರು ಮೂತಿಯೊಂದು ಇಣುಕುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಒಂದೇ ದಂಟಿನ ಮೇಲೆ ಮೂರ್ನಾಲ್ಕು ಅಂಗೈಯಗಲದ ಕೆಂಪು ಹೂ. ನೆಡುವಾಗ ಕುಂಡ ಗೆಡ್ಡೆಗಿಂತ ಸ್ವಲ್ಪವೇ ದೊಡ್ಡದಿರಲಿ, ಕತ್ತು ಮಣ್ಣಿನ ಮೇಲಿರಲಿ, ನೀರು ಬದಿಗೆ ಬೀಳಲಿ. ಕತ್ತಿನೊಳಗೆ ನೀರು ನಿಂತರೆ ಕೊಳೆಯುತ್ತದೆ.

ಮಳೆಗಾಲದಲ್ಲಿ ಕಪ್ಪು ಬಿಳುಪಿನ ಲಿಲ್ಲಿ ಹುಳು ಬರುತ್ತದೆ; ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು. ಅದೊಂದೇ ಕಾಟ.

ಪರಿಮಳ ಎರಡಕ್ಕೂ ಇಲ್ಲದ ಹಾಗೆಯೇ. ಅದು ಬೇಕಿದ್ದರೆ ಸುಗಂಧರಾಜ ಹಾಕಿ.

ಸೋಲಾಪುರ ರಸ್ತೆಯ ನರ್ಸರಿಯಲ್ಲಿ ಕೊಂಡ ನನ್ನ ಒಂದು ಅಮರಿಲ್ಲಿಸ್ ಗೆಡ್ಡೆ ಈಗ ಮರಿ ಹಾಕಿ ಕುಂಡ ತುಂಬಿದೆ. ಪಕ್ಕದ ಮನೆಯ ಕಾಕುಗೂ ಎರಡು ಕೊಟ್ಟೆ. ಟ್ಯುಲಿಪ್ ಬೇಕೇ ಬೇಕು ಅನ್ನುವವರು ಮೊದಲು ಇನ್ನೊಂದು ಫ್ರಿಜ್ ಇದೆಯಾ ನೋಡಿಕೊಳ್ಳಿ.